ಲೇಟಾಗಿದ್ದಕ್ಕೆ ಕಾರಣ ಬರೆಯುವಾಗ 'ಡ್ಯೂ ಟು' ಎಲ್ಲಿ ಹಾಕಬೇಕು?

ಮಳೆಗಾಲ ಶುರುವಾದರೆ ಮುಂಬೈಯಲ್ಲಿ 'ಡ್ಯೂ ಟು'ಗೆ ಬಿಡುವೇ ಇಲ್ಲ. ಸಯನ್, ಕುರ್ಲಾ ಕಡೆ ಹಳಿ ಮೇಲೆ ನೀರು ನಿಲ್ಲುತ್ತದೆ, ಲೋಕಲ್ ತಡವಾಗುತ್ತದೆ, ಬಾಗಿಲಲ್ಲಿ ನೇತಾಡುತ್ತಲೇ ಆಫೀಸಿಗೆ ಇಂಗ್ಲಿಷ್‌ನಲ್ಲಿ ಮೆಸೇಜ್ ಹಾಕಬೇಕು. ನಮ್ಮವರು ಥಟ್ಟನೆ ಬರೆಯುವುದು 'ಡ್ಯೂ ಟು ಟ್ರೇನ್ ವಾಸ್ ಲೇಟ್' ಅಂತ. ಬಾಸ್‌ಗೆ ಅರ್ಥವಾಗುತ್ತದೆ ಬಿಡಿ, ಆದರೂ ತಪ್ಪು ತಪ್ಪೇ.

ಇದಕ್ಕೆ ಮೂಲ ನಮ್ಮ 'ಇಂದ'. 'ಮಳೆಯಿಂದ' ಅನ್ನುತ್ತೇವೆ, 'ಮಳೆ ಬಂದದ್ದರಿಂದ' ಅಂತಲೂ ಅನ್ನುತ್ತೇವೆ, ಎರಡಕ್ಕೂ ಅದೇ ಬಾಲ. ಇಂಗ್ಲಿಷ್‌ನಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಮೊದಲು ಕಾರಣವನ್ನು ಕನ್ನಡದಲ್ಲೇ ಹೇಳಿ ನೋಡಿ. ಬರೀ ನಾಮಪದವಾದರೆ (ಮಳೆ, ಜ್ವರ, ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್) 'ಡ್ಯೂ ಟು' ಅಥವಾ 'ಬಿಕಾಸ್ ಆಫ್' ಹಾಕಿ. ಏನಾಯಿತು ಅಂತ ಪೂರ್ತಿ ವಾಕ್ಯ ಹೇಳುತ್ತಿದ್ದರೆ 'ಆಫ್' ಬಿಟ್ಟು 'ಬಿಕಾಸ್' ಸಾಕು: 'ಬಿಕಾಸ್ ದ ಟ್ರೇನ್ ವಾಸ್ ಲೇಟ್'. ಇಲ್ಲ, 'ಡ್ಯೂ ಟು'ನೇ ಬೇಕು ಅಂದರೆ 'ಡ್ಯೂ ಟು ಎ ಟ್ರೇನ್ ಡಿಲೇ' ಅಂತ ನಾಮಪದಕ್ಕೆ ಇಳಿಸಿ.

ಆಮೇಲೆ 'ಡ್ಯೂ ಟು'ನೋ 'ಬಿಕಾಸ್ ಆಫ್'ಓ ಅನ್ನುವ ಹಳೇ ಜಗಳ. ಕಟ್ಟುನಿಟ್ಟಿನ ಮೇಷ್ಟ್ರ ಪ್ರಕಾರ 'ಡ್ಯೂ' ಗುಣವಾಚಕ, ಅದಕ್ಕೆ ಅಂಟಿಕೊಳ್ಳಲು ಒಂದು ನಾಮಪದ ಬೇಕು. 'ದ ಡಿಲೇ ವಾಸ್ ಡ್ಯೂ ಟು ರೇನ್' ಸರಿ, 'ಐ ಕೇಮ್ ಲೇಟ್ ಡ್ಯೂ ಟು ರೇನ್' ಸರಿಯಲ್ಲ. ಅನುಮಾನ ಬಂದರೆ ಆ ಜಾಗದಲ್ಲಿ 'ಕಾಸ್ಡ್ ಬೈ' ಇಟ್ಟು ಓದಿ, ಕೂತರೆ 'ಡ್ಯೂ ಟು', ಕೂರದಿದ್ದರೆ 'ಬಿಕಾಸ್ ಆಫ್'. ಇಂಗ್ಲಿಷ್ ಬಳಕೆಯ ಕೋಶ ಬರೆದ ಫೌಲರ್ 1926ರಲ್ಲೇ ಈ ಎರಡನೇ ಬಳಕೆಗೆ ಸಿಡುಕಿದ್ದರು, ಈಗಿನ ನಿಘಂಟುಗಳು ಒಪ್ಪಿಕೊಂಡಿವೆ. ನನ್ನ ಕೇಳಿದರೆ, ವಾಟ್ಸಾಪ್‌ನಲ್ಲಿ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೆಲಸದ ಅರ್ಜಿಯಲ್ಲಿ ಮಾತ್ರ ಹಳೇ ನಿಯಮವೇ ಸೇಫು, ಓದುವವರು ಎಂಥವರೋ ಯಾರಿಗೆ ಗೊತ್ತು!

'ದ ಟ್ರೇನ್ ಈಸ್ ಡ್ಯೂ ಟು ಅರೈವ್' ಅಂದರೆ ಗಾಬರಿ ಬೇಡ. 'ಟು' ಆದಮೇಲೆ ಕ್ರಿಯಾಪದ ಬಂದಿದೆ ಅಲ್ವಾ, ಅದು ಕಾರಣವಲ್ಲ, ಗಾಡಿ ಬರಬೇಕಾದ ಹೊತ್ತು. ಹಾಗೇ 'ಜ್ವರದಿಂದ ನರಳು' ಅನ್ನುವುದಕ್ಕೆ 'ಸಫರಿಂಗ್ ಫ್ರಮ್ ಫೀವರ್', ಅಲ್ಲಿ 'ಡ್ಯೂ ಟು' ತರಬೇಡಿ.

ಕೊನೆಗೆ ಹೌಸಿಂಗ್ ಸೊಸೈಟಿ ನೋಟಿಸ್ ಬರೆಯುವ ಸೆಕ್ರೆಟರಿಗಳಿಗೆ: 'ಡ್ಯೂ ಟು ದ ಫ್ಯಾಕ್ಟ್ ದ್ಯಾಟ್' ಅಂತ ಸುಮ್ನೆ 5 ಪದ ಖರ್ಚು ಮಾಡಬೇಡಿ, 'ಬಿಕಾಸ್' ಒಂದೇ ಸಾಕು. 'ದ ರೀಸನ್ ಈಸ್ ಡ್ಯೂ ಟು' ಅಂತ ಬರೆದಿದ್ದರೆ ಕಾರಣ ಎರಡು ಸಲ ಬಂದಿದೆ, 'ಡ್ಯೂ ಟು' ಹೊಡೆದುಹಾಕಿ.