ಜಲವರ್ಣದಲ್ಲಿ ನಿಮ್ಮದೇ ಶೈಲಿ ಕಂಡುಕೊಳ್ಳುವುದು ಹೇಗೆ?

ವಾಟರ್ ಕಲರ್ ಸ್ವಲ್ಪ ಕೈಗೆ ಹತ್ತಿದ ಮೇಲೆ ತುಂಬ ಜನರಿಗೆ ಒಂದು ಕೊರಗು ಶುರುವಾಗುತ್ತದೆ. ವಾಶ್, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರ, ಹಾಕಲು ಬರುತ್ತದೆ, ವಿಡಿಯೊ ನೋಡಿ ಹಾಗೇ ಬಿಡಿಸಲೂ ಬರುತ್ತದೆ, ಆದರೆ ಮುಗಿದ ಚಿತ್ರ ಮಾತ್ರ ಬೇರೆ ಯಾರದ್ದೋ ಅನಿಸುತ್ತದೆ. ಆಗ ಹೊಸ ಬಣ್ಣ, ಹೊಸ ಬ್ರಷ್ ತರೋಣ ಅನಿಸುವುದು ಸಹಜ. ನಾನು ಹೇಳುವುದು ಅದಕ್ಕೆ ಉಲ್ಟಾ. ಇರುವುದನ್ನೇ ಕಡಿಮೆ ಮಾಡಿ.

ಮೊದಲು ಬಣ್ಣ. ಸದ್ಯಕ್ಕೆ ಎರಡೇ ಟ್ಯೂಬ್ ಸಾಕು: ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ನ್ಟ್ ಸಿಯೆನ್ನಾ. ನೀಲಿ ಜಾಸ್ತಿಯಾದರೆ ತಣ್ಣನೆಯ ಬೂದು, ಕಂದು ಜಾಸ್ತಿಯಾದರೆ ಬೆಚ್ಚಗಿನ ಮಣ್ಣಿನ ಬಣ್ಣ, ನೀರು ಕಡಿಮೆ ಮಾಡಿ ಎರಡನ್ನೂ ದಪ್ಪಗೆ ಬೆರೆಸಿದರೆ ಹೆಚ್ಚುಕಮ್ಮಿ ಕಪ್ಪೇ. ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸಬೇಡಿ. ಒದ್ದೆ ಪೇಪರಿನ ಮೇಲೆ ಎರಡನ್ನೂ ಅಕ್ಕಪಕ್ಕ ಬಿಟ್ಟು, ಪೇಪರ್ ಇಟ್ಟ ಬೋರ್ಡನ್ನು ಸ್ವಲ್ಪ ಓರೆ ಮಾಡಿ ನೋಡಿ. ಅಲ್ಟ್ರಾಮರೀನ್‌ನ ಕಣಗಳು ಪೇಪರಿನ ಸಣ್ಣ ಸಣ್ಣ ಗುಳಿಗಳಲ್ಲಿ ಇಳಿದು ಕೂರುತ್ತವೆ, ಒಣಗಿದ ಮೇಲೆ ತರಿತರಿಯಾಗಿ ಕಾಣುತ್ತವೆ. ನಿಮಗೆ ಆ ತರಿ ಇಷ್ಟವಾಯಿತೋ, ನಯವಾದ ವಾಶೇ ಬೇಕು ಅನಿಸಿತೋ? ಪೇಪರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಕಡಿಮೆ ಮಾಡುವುದು ಹೊಸಬರಿಗೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕಲಾವಿದೆ ಜಾರ್ಜಿಯಾ ಓಕೀಫ್ 1915ರಲ್ಲಿ ಬಣ್ಣವನ್ನೇ ಪಕ್ಕಕ್ಕಿಟ್ಟು ಬರೀ ಇದ್ದಿಲಿನಲ್ಲಿ ಚಿತ್ರ ಬರೆದರು. ಮರುವರ್ಷ ನೀಲಿಯೊಂದಿಗೆ ಬಣ್ಣಕ್ಕೆ ವಾಪಸಾದರು. 1917ರಲ್ಲಿ ಟೆಕ್ಸಾಸ್‌ನಲ್ಲಿದ್ದಾಗ ಸಂಜೆಯ ಆಕಾಶದ ಒಂದೇ ನಕ್ಷತ್ರವನ್ನು ಜಲವರ್ಣದಲ್ಲಿ ಮತ್ತೆ ಮತ್ತೆ ಬರೆದರು. ಆ ಸರಣಿಯನ್ನು ಒಟ್ಟಿಗೆ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೇಪರ್ ವಿಷಯದಲ್ಲಿ ಮಾತ್ರ ಉಳಿತಾಯ ಬೇಡ. 300 ಜಿಎಸ್‌ಎಂ (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಪೇಪರ್ ತಂದು ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಕತ್ತರಿಸಿಕೊಳ್ಳಿ.

ಈಗ ಒಂದೇ ವಸ್ತು ಆರಿಸಿಕೊಳ್ಳಿ. ಒಂದು ಲೋಟ, ಒಂದು ಮರ, ಯಾವುದಾದರೂ ಸರಿ, ದಿನಾ ಕಣ್ಣಿಗೆ ಬೀಳುವಂತಿರಲಿ. ಅದನ್ನೇ ಹತ್ತು ಸಲ ಬರೆಯಿರಿ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ: ಒಮ್ಮೆ ದೊಡ್ಡ ಬ್ರಷ್, ಒಮ್ಮೆ ಪೆನ್ಸಿಲ್ ಗೆರೆಯೇ ಇಲ್ಲದೆ, ಒಮ್ಮೆ ಪೂರ್ತಿ ಒದ್ದೆ ಪೇಪರಿನ ಮೇಲೆ. ಮೂರು ನಾಲ್ಕು ಆಗುವಷ್ಟರಲ್ಲಿ ಬೇಜಾರು ಬಂದೇ ಬರುತ್ತದೆ. ಬಿಡಬೇಡಿ. ಲೋಟ ಹೇಗಿದೆ ಅನ್ನುವುದು ಅಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ, ಆಮೇಲೆ ಕೈ ತನಗೆ ಬೇಕಾದ ಹಾಗೆ ಹೋಗತೊಡಗುತ್ತದೆ.

ಬರೆಯುವಾಗ ಪೇಪರಿನ ಹೊಳಪಿನ ಮೇಲೆ ಕಣ್ಣಿಡಿ. ನೀರು ಥಳಥಳ ಅನ್ನುವಾಗ ಬಣ್ಣ ಬಿಟ್ಟರೆ ಅಂಚೇ ಇಲ್ಲದೆ ಹರಡುತ್ತದೆ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಇವೆರಡರ ನಡುವೆ, ಹೊಳಪು ಆರುತ್ತಿರುವಾಗ ನೀರು ತುಂಬಿದ ಬ್ರಷ್ ತಾಗಿಸಿದಿರೋ, ಆ ನೀರು ಒಣಗುತ್ತಿರುವ ಬಣ್ಣವನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಅದನ್ನು ತಪ್ಪು ಅಂತ ಕಲಿಸುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅದು ನಿಮಗೆ ಬೇಕಾ ಬೇಡವಾ ಅನ್ನುವುದು ನೀವೇ ತೀರ್ಮಾನಿಸಬೇಕಾದ ವಿಷಯ, ಅಲ್ವಾ? ಕೆಲವರು ಮೋಡಕ್ಕೆ, ಎಲೆಗೊಂಚಲಿಗೆ ಬೇಕೆಂದೇ ಅದನ್ನು ಬರಿಸುತ್ತಾರೆ. ಅಂಚು ಎಲ್ಲಿ ಕರಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಒಬ್ಬೊಬ್ಬರ ಕೈ ಒಂದೊಂದು ಥರ ಆರಿಸುತ್ತದೆ.

ದೊಡ್ಡ ಕಲಾವಿದರನ್ನು ನಕಲು ಮಾಡಬಹುದಾ? ಖಂಡಿತ ಮಾಡಿ, ಆದರೆ ಒಂದು ಪ್ರಶ್ನೆ ಇಟ್ಟುಕೊಂಡು. ಫ್ರಾನ್ಸಿನ ಚಿತ್ರಕಾರ ಸೆಜಾನ್ ಕೊನೆಗಾಲದಲ್ಲಿ ಬರೆದ ಬೆಟ್ಟದ ಜಲವರ್ಣಗಳಲ್ಲಿ ಪೇಪರಿನ ಎಷ್ಟೋ ಭಾಗ ಖಾಲಿಯೇ ಉಳಿದಿದೆ. ಎಲ್ಲೆಲ್ಲಿ ಖಾಲಿ ಬಿಟ್ಟಿದ್ದಾರೆ, ಯಾಕೆ? ಅಷ್ಟನ್ನು ನೋಡಿಕೊಂಡು ಮೂಲಚಿತ್ರ ಮುಚ್ಚಿಟ್ಟು, ನಿಮ್ಮ ಲೋಟವನ್ನು ಹಾಗೆ ಬರೆದು ನೋಡಿ.

ಕೊನೆಗೆ ಎಲ್ಲ ಚಿತ್ರಗಳನ್ನೂ ನೆಲದ ಮೇಲೆ ಹರಡಿ, ಕೆಟ್ಟವನ್ನೂ ಸೇರಿಸಿ. ಯಾವುದು ಚೆನ್ನಾಗಿದೆ ಅಂತ ಹುಡುಕಬೇಡಿ, ಯಾವುದು ಮತ್ತೆ ಮತ್ತೆ ಬಂದಿದೆ ಅಂತ ನೋಡಿ. ನೆರಳು ಯಾವಾಗಲೂ ನೀಲಿಯಾಗಿದೆಯಾ? ವಸ್ತು ಒಂದು ಮೂಲೆಗೇ ಸರಿಯುತ್ತಿದೆಯಾ? ಅಂಥ ಒಂದನ್ನು ಆರಿಸಿ, ಮುಂದಿನ ಹತ್ತರಲ್ಲಿ ಅದನ್ನು ಬೇಕೆಂದೇ ಜಾಸ್ತಿ ಮಾಡಿ. ಸುಮ್ನೆ ಅಭ್ಯಾಸಬಲದಿಂದ ಬಂದದ್ದಾಗಿದ್ದರೆ ಬೇಗ ಸಪ್ಪೆ ಅನಿಸುತ್ತದೆ, ಬಿಟ್ಟುಬಿಡಿ. ಸಪ್ಪೆ ಅನಿಸದಿದ್ದರೆ ಮೂರನೇ ಬಣ್ಣ ಸೇರಿಸುವ ಹೊತ್ತು ಬಂದಿದೆ. ಯೆಲ್ಲೋ ಓಕರ್‌ನಿಂದ ಶುರು ಮಾಡಿ.