ಗಾಡಿಯ ಹೆಸರು ಬಿಡಿ, ಹಳಿ ನೋಡಿ: ಕಾಸರಗೋಡಿನಿಂದ ಕರ್ನಾಟಕದ ರೈಲುಜಾಲವನ್ನು ಓದುವ ಬಗೆ

ಕಾಸರಗೋಡಿನ ಕನ್ನಡಿಗರಲ್ಲಿ ಬಹಳ ಮಂದಿಗೆ ಕರ್ನಾಟಕದ ರೈಲು ಎಂದರೆ ರಾತ್ರಿಯ ಬೆಂಗಳೂರು ಗಾಡಿ ಮಾತ್ರ. ಮಗನ ಕೆಲಸಕ್ಕೋ, ಮಗಳ ಮನೆಗೋ, ಆಸ್ಪತ್ರೆಗೋ ಹೊರಡುವಾಗ ಆ ಒಂದು ಗಾಡಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತೇವೆ. ಸೀಟು ಇಲ್ಲವೆಂದು ಕಂಡರೆ ಬಸ್ಸು ಹಿಡಿಯುತ್ತೇವೆ. ಹೆಸರಿನಿಂದ ಆರಂಭಿಸುವ ಈ ರೂಢಿಯನ್ನು ಬಿಟ್ಟು ಹಳಿಯಿಂದ ಆರಂಭಿಸಿದರೆ ಪ್ರಯಾಣವೂ ಸಾಮಾನು ಸಾಗಣೆಯೂ ಎಷ್ಟು ಸುಲಭವಾಗುತ್ತವೆ ಎಂಬುದನ್ನು ತೋರಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಸರನ್ನು ನಂಬಿ ಮೋಸಹೋದವರು ನಮ್ಮ ಮನೆಯಲ್ಲೇ ಇದ್ದಾರೆ. ಬೆಂಗಳೂರಿನಿಂದ ಕಣ್ಣೂರಿಗೆ ಎರಡು ಗಾಡಿಗಳಿವೆ. 16511 ಸಂಖ್ಯೆಯದು ಹಾಸನ, ಸಕಲೇಶಪುರ, ಮಂಗಳೂರು ದಾರಿಯಾಗಿ ಕಾಸರಗೋಡಿಗೆ ಬಂದು ಮುಂದೆ ಕಣ್ಣೂರು ಸೇರುತ್ತದೆ. ಯಶವಂತಪುರದಿಂದ ಹೊರಡುವ 16527 ಸಂಖ್ಯೆಯದು ಸೇಲಂ, ಪಾಲಕ್ಕಾಡು, ಶೊರನೂರು ಸುತ್ತಿ ತೆಂಕಣ ದಿಕ್ಕಿನಿಂದ ಕಣ್ಣೂರಿಗೆ ಬಂದು ಅಲ್ಲಿಗೇ ನಿಲ್ಲುತ್ತದೆ. ನನ್ನ ಭಾವ ಹೆಸರನ್ನಷ್ಟೇ ನೋಡಿ, ಕಣ್ಣೂರಿನವರೆಗೆ ಟಿಕೆಟು ತೆಗೆದು, ನಡುವೆ ಕಾಸರಗೋಡಿನಲ್ಲಿ ಇಳಿದರಾಯಿತೆಂದು ಎರಡನೆಯ ಗಾಡಿ ಹತ್ತಿದರು. ಬೆಳಕು ಹರಿಯುವ ಹೊತ್ತಿಗೆ ಕಿಟಕಿಯಾಚೆ ಅಗಲವಾದ ಹೊಳೆಯನ್ನು ಕಂಡು ಫೋನು ಮಾಡಿ, “ಭಾವಾ, ಇದು ನೇತ್ರಾವತಿ ಅಲ್ವಾ?” ಎಂದು ಕೇಳಿದರು. ಅದು ಭಾರತಪ್ಪುಳ. ಕಣ್ಣೂರಿನಲ್ಲಿಳಿದು, ಮತ್ತೊಂದು ಗಾಡಿ ಹಿಡಿದು, ಸುಮಾರು 86 ಕಿ.ಮೀ. ಬಡಗಣಕ್ಕೆ ಬಂದು ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಮೊದಲ ಕೆಲಸ: ಹಾಳೆಯ ಮೇಲೆ ಗೆರೆ ಎಳೆಯಿರಿ

ಮುದ್ರಿತ ನಕಾಶೆಯಲ್ಲಿ ನೂರಾರು ಗೆರೆಗಳಿರುವುದರಿಂದ ನಮಗೆ ಬೇಕಾದದ್ದು ಅದರಲ್ಲಿ ಕಳೆದುಹೋಗುತ್ತದೆ. ಖಾಲಿ ಹಾಳೆಯೊಂದನ್ನು ತೆಗೆದುಕೊಂಡು ನಡುವೆ ಕಾಸರಗೋಡು ಎಂದು ಬರೆಯಿರಿ. ನಮ್ಮ ಜಿಲ್ಲೆಯಲ್ಲಿರುವುದು ಕರಾವಳಿಯುದ್ದಕ್ಕೂ ಸಾಗುವ ಒಂದೇ ದಾರಿ. ಕಾಞಂಗಾಡಿನಿಂದ, ಅಂದರೆ ನಮ್ಮ ಹಿರಿಯರ ಬಾಯಿಯ ಹೊಸದುರ್ಗದಿಂದ, ಕಾಣಿಯೂರಿಗೆ ಮಾರ್ಗವಾಗಬೇಕೆಂಬ ಬೇಡಿಕೆ ಹಳೆಯದು. ಸಮೀಕ್ಷೆಯಾಗಿದೆ, ಹಳಿ ಬಿದ್ದಿಲ್ಲ. ಆದ್ದರಿಂದ ಅದನ್ನು ಹಾಳೆಯಲ್ಲಿ ಎಳೆಯಬೇಡಿ. ತೆಂಕಣಕ್ಕೆ ಹೊಸದುರ್ಗ, ನೀಲೇಶ್ವರ, ಪಯ್ಯನ್ನೂರು, ಕಣ್ಣೂರು, ಕೋಯಿಕ್ಕೋಡ್, ಕೊನೆಗೆ ಶೊರನೂರು. ಬಡಗಣಕ್ಕೆ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ, 46 ಕಿ.ಮೀ. ಕಳೆದರೆ ಮಂಗಳೂರು. ಮಂಗಳೂರಿಗೆ 1907ರಲ್ಲಿ ಬಂದ ಈ ಶೊರನೂರು ಮಾರ್ಗ ಈಗ ಜೋಡಿಹಳಿಯಾಗಿದೆ, ವಿದ್ಯುದೀಕರಣವೂ ಆಗಿದೆ.

ಮಂಗಳೂರಿನಲ್ಲಿ ಗೆರೆಯನ್ನು ದೊಡ್ಡದಾಗಿ ಬಿಡಿಸಬೇಕು, ಏಕೆಂದರೆ ನಮ್ಮ ಗೊಂದಲಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಅಲ್ಲಿಯೇ. ನೇತ್ರಾವತಿ ಸೇತುವೆ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಊರೊಳಗಿನ ಮಂಗಳೂರು ಸೆಂಟ್ರಲ್‌ಗೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ಅದು ಮನೆಯ ಅಂಗಳದಂತೆ, ಹೊಕ್ಕ ದಾರಿಯಲ್ಲೇ ಹೊರಬರಬೇಕು. ಇನ್ನೊಂದು ಕವಲು ಮಂಗಳೂರು ಜಂಕ್ಷನ್‌ಗೆ, ಅಂದರೆ ಹಿಂದೆ ಕಂಕನಾಡಿ ಎಂದು ಕರೆಯುತ್ತಿದ್ದ ನಿಲ್ದಾಣಕ್ಕೆ ಹೋಗುತ್ತದೆ. ಪಡೀಲಿನ ಬಳಿ ಹಾಸನದ ಮಾರ್ಗ ಮೂಡಣಕ್ಕೆ ತಿರುಗಿದರೆ, ತೋಕೂರಿನ ಕಡೆಗೆ ಹೋಗುವುದು ಕೊಂಕಣ ರೈಲ್ವೆಯ ಮಾರ್ಗ. ಪಣಂಬೂರಿಗೆ, ಅಂದರೆ ನವಮಂಗಳೂರು ಬಂದರಿಗೆ, ಗೂಡ್ಸ್ ಗಾಡಿಗಳ ಬೇರೆ ಹಳಿ ಇದೆ. ಇಷ್ಟು ತಿಳಿದರೆ ಎರಡು ವಿಷಯಗಳು ತಾವಾಗಿ ಸ್ಪಷ್ಟವಾಗುತ್ತವೆ. ಕೇರಳದಿಂದ ಮುಂಬೈಗೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್‌ನಂಥ ಗಾಡಿಗಳು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್‌ನಲ್ಲಿ ನಿಂತು ಮುಂದುವರಿಯುತ್ತವೆ. ಬೆಂಗಳೂರು–ಕಣ್ಣೂರು ಗಾಡಿಯಾದರೋ ಸೆಂಟ್ರಲ್‌ಗೆ ಹೋಗಿ ಎಂಜಿನ್ನಿನ ತುದಿ ಬದಲಿಸಿಕೊಂಡು ಹೊರಡಬೇಕಾದ್ದರಿಂದ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತದೆ. ಮಂಗಳೂರಿನಲ್ಲಿ ಗಾಡಿ ಬದಲಿಸುವವರು ಟಿಕೆಟಿನಲ್ಲಿ ಯಾವ ನಿಲ್ದಾಣ ಅಚ್ಚಾಗಿದೆ ಎಂಬುದನ್ನು ಎರಡು ಸಲ ನೋಡಬೇಕು. ಎರಡರ ನಡುವೆ ಆಟೋ ಹಿಡಿದು ಓಡುವವರನ್ನು ನಾನು ಪ್ರತಿಸಲವೂ ಕಾಣುತ್ತೇನೆ.

ಇನ್ನು ಹಾಸನದಿಂದಾಚೆ. ಹಾಸನದಲ್ಲಿ ಮೂರು ದಾರಿಗಳಿವೆ: ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ 2017ರಲ್ಲಿ ತೆರೆದ ದಾರಿ, ಹೊಳೆನರಸೀಪುರದ ಮೂಲಕ ಮೈಸೂರಿನ ದಾರಿ, ಅರಸೀಕೆರೆಗೆ ಹೋಗುವ ದಾರಿ. ಅರಸೀಕೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯಮಾರ್ಗದ ಮೇಲಿದೆ. ಹುಬ್ಬಳ್ಳಿಯಿಂದ ಪಡುವಣಕ್ಕೆ ಲೋಂಡಾ, ಅಲ್ಲಿಂದ ಒಂದು ಕವಲು ಕ್ಯಾಸಲ್‌ರಾಕ್ ಇಳಿದು ಗೋವಾಕ್ಕೆ, ಇನ್ನೊಂದು ಬೆಳಗಾವಿಯಾಗಿ ಮೀರಜಿಗೆ. ಮೂಡಣಕ್ಕೆ ಗದಗ, ಅಲ್ಲಿಂದ ಹೊಸಪೇಟೆ–ಬಳ್ಳಾರಿಯ ಕಡೆಗೊಂದು, ಬಾಗಲಕೋಟೆ–ವಿಜಯಪುರದ ಕಡೆಗೊಂದು. ರಾಯಚೂರು, ವಾಡಿ, ಕಲಬುರಗಿಗಳು ಮುಂಬೈ–ಚೆನ್ನೈ ಮಾರ್ಗದ ಮೇಲಿವೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗದಿರುವುದರಿಂದ ಕರಾವಳಿಯವರು ಹುಬ್ಬಳ್ಳಿಗೆ ಹೋಗಬೇಕಾದರೆ ಹಾಸನ–ಅರಸೀಕೆರೆ ಸುತ್ತಬೇಕು, ಇಲ್ಲವೇ ಮಡಗಾಂವಿನ ತನಕ ಹೋಗಿ ಘಾಟಿ ಏರಬೇಕು. ಮಂಗಳೂರು–ವಿಜಯಪುರ ಎಕ್ಸ್‌ಪ್ರೆಸ್‌ ಹಿಡಿಯುವುದು ಮೊದಲನೆಯ ದಾರಿಯನ್ನು. ಗಾಡಿ ಬದಲಿಸಲು ಬೇಸರವಿರುವವರಿಗೆ ಅದೇ ಒಳ್ಳೆಯದು.

ಯಾವ ಹಳಿ ಯಾರ ಕೈಯಲ್ಲಿ

ಕರ್ನಾಟಕದ ರೈಲು ಒಂದೇ ಕೈಯಲ್ಲಿಲ್ಲ. ನಮ್ಮ ಕಾಸರಗೋಡೂ ಮಂಗಳೂರಿನ ಎರಡು ನಿಲ್ದಾಣಗಳೂ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿವೆ. ಪಡೀಲಿನಾಚೆ ಘಾಟಿಯ ದಾರಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಈ ವಲಯ 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಕೆಲಸ ಆರಂಭಿಸಿತು. ತೋಕೂರಿನಿಂದ ಮಹಾರಾಷ್ಟ್ರದ ರೋಹಾವರೆಗಿನ ಸುಮಾರು 740 ಕಿ.ಮೀ. ಕೊಂಕಣ ರೈಲ್ವೆ ನಿಗಮದ್ದು. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದರೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಗೆ ಸೇರಿದೆ. ಪ್ರಯಾಣಿಕನಿಗೆ ಇದರಿಂದೇನು ಎಂದು ಕೇಳಬಹುದು. ಗಾಡಿ ರದ್ದಾದ ಪ್ರಕಟಣೆ ಯಾವ ವಲಯದಿಂದ ಬರುತ್ತದೆ, ದೂರು ಎಲ್ಲಿಗೆ ಕೊಡಬೇಕು, ಮನವಿ ಎಲ್ಲಿ ಸಲ್ಲಿಸಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ. ಘಾಟಿಯ ಗಾಡಿಯ ಬಗ್ಗೆ ಪಾಲಕ್ಕಾಡಿಗೆ ಬರೆದ ಅರ್ಜಿಗಳು ತಿಂಗಳುಗಟ್ಟಲೆ ಅಲೆದಾಡುವುದು ಇದೇ ಕಾರಣಕ್ಕೆ.

ಗಾಡಿಯ ಐದಂಕಿ ಸಂಖ್ಯೆಯನ್ನೂ ಓದಲು ಕಲಿಯಿರಿ. ಮೊದಲ ಅಂಕಿ 1 ಅಥವಾ 2 ಇದ್ದರೆ ದೂರದ ಗಾಡಿ, 0 ಇದ್ದರೆ ವಿಶೇಷ ಗಾಡಿ, 5 ಇದ್ದರೆ ಸಾಮಾನ್ಯ ಪ್ಯಾಸೆಂಜರ್, 6 ಇದ್ದರೆ ವಿದ್ಯುತ್ತಿನಿಂದ ಓಡುವ ಮೆಮು, 7 ಇದ್ದರೆ ಡೀಸೆಲ್ಲಿನಿಂದ ಓಡುವ ಡೆಮು. ಹೋಗುವ ಗಾಡಿಗೂ ಮರಳುವ ಗಾಡಿಗೂ ಬಹುಮಟ್ಟಿಗೆ ಅಕ್ಕಪಕ್ಕದ ಸಂಖ್ಯೆಗಳಿರುತ್ತವೆ. ಸೊನ್ನೆಯಿಂದ ಆರಂಭವಾಗುವ ಗಾಡಿ ಮುಂದಿನ ತಿಂಗಳೂ ಇರುತ್ತದೆಂದು ನಂಬಿ ಮದುವೆಯ ದಿಬ್ಬಣ ಹೊರಡಿಸಬೇಡಿ.

ಗೂಡ್ಸ್ ಗಾಡಿ ನಿಂತರೆ ನಮ್ಮ ಗಾಡಿಯೂ ನಿಲ್ಲುವುದೇಕೆ

ಮಂಜೇಶ್ವರದ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತರೆ ಗೂಡ್ಸ್ ಗಾಡಿಗಳನ್ನು ಗುರುತಿಸಲು ಕಲಿಯಬಹುದು. ಮೇಲ್ಭಾಗ ತೆರೆದ, ಎತ್ತರದ ಗೋಡೆಯ ವ್ಯಾಗನ್‌ಗಳು ಕಲ್ಲಿದ್ದಲು, ಅದಿರಿಗೆ, ಪೂರ್ತಿ ಮುಚ್ಚಿ ಬಾಗಿಲಿರುವಂಥವು ಅಕ್ಕಿ, ಗೊಬ್ಬರ, ಸಿಮೆಂಟಿನ ಚೀಲಗಳಿಗೆ, ಉರುಳೆಯಾಕಾರದವು ಎಣ್ಣೆಗೆ, ಚಪ್ಪಟೆ ಹಲಗೆಯಂಥವು ಕಂಟೇನರ್‌ಗೆ. ವ್ಯಾಗನ್ನಿನ ಪಕ್ಕೆಯಲ್ಲಿ ಹನ್ನೊಂದು ಅಂಕಿಗಳಿರುತ್ತವೆ. ಮೊದಲ ಎರಡು ವ್ಯಾಗನ್ನಿನ ಬಗೆ, ಮುಂದಿನ ಎರಡು ಒಡೆತನದ ವಲಯ, ಆಮೇಲಿನ ಎರಡು ತಯಾರಾದ ವರ್ಷ, ಬಳಿಕ ನಾಲ್ಕು ಅದರ ಸ್ವಂತ ಸಂಖ್ಯೆ, ಕೊನೆಯದು ತಪ್ಪು ಹಿಡಿಯುವ ಅಂಕಿ. ತುಕ್ಕು ಹಿಡಿದ ಪೆಟ್ಟಿಗೆಯೊಂದರ ಮೇಲೆ ಐದನೆಯ, ಆರನೆಯ ಅಂಕಿಗಳಾಗಿ 98 ಕಂಡರೆ, ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ 1998ರಲ್ಲೇ ಅದೂ ಹುಟ್ಟಿತೆಂದು ತಿಳಿಯಬಹುದು. ಮಕ್ಕಳಿಗೆ ಇದು ಒಳ್ಳೆಯ ಆಟ.

ರಾಜ್ಯದ ಗೂಡ್ಸ್ ಸಾಗಣೆಯ ಭಾರವೆಲ್ಲ ಕೆಲವೇ ಮಾರ್ಗಗಳ ಮೇಲಿದೆ. ಬಳ್ಳಾರಿ–ಹೊಸಪೇಟೆಯ ಅದಿರು, ಗೋವಾದ ಮುರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಏರಿ ಬರುವ ಕಲ್ಲಿದ್ದಲು, ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲು, ವಾಡಿ–ಸೇಡಂ ಕಡೆಯ ಸಿಮೆಂಟು, ಬೆಂಗಳೂರಿನ ವೈಟ್‌ಫೀಲ್ಡಿನ ಕಂಟೇನರುಗಳು. ಪ್ರಯಾಣಿಕರ ಗಾಡಿಗೂ ಗೂಡ್ಸಿಗೂ ಇಲ್ಲಿ ಬೇರೆ ಬೇರೆ ಹಳಿಗಳಿಲ್ಲ. ಮೊದಲ ಮರ್ಯಾದೆ ವಂದೇ ಭಾರತ್‌ನಂಥ ಗಾಡಿಗೆ, ಆಮೇಲೆ ಎಕ್ಸ್‌ಪ್ರೆಸ್, ಆಮೇಲೆ ಪ್ಯಾಸೆಂಜರ್. ಗೂಡ್ಸ್ ಗಾಡಿ ಲೂಪ್ ಹಳಿಯಲ್ಲಿ, ಅಂದರೆ ನಿಲ್ದಾಣದಲ್ಲಿ ಮುಖ್ಯ ಹಳಿಯ ಪಕ್ಕಕ್ಕಿರುವ ಹಳಿಯಲ್ಲಿ, ಕಾಯುತ್ತದೆ. ಜೋಡಿಹಳಿಯಲ್ಲಿ ಇದು ನಮಗೆ ಗೊತ್ತೇ ಆಗುವುದಿಲ್ಲ. ಹಾಸನ–ಮಂಗಳೂರು ಮಾರ್ಗ ಏಕಹಳಿಯಾದ್ದರಿಂದ ಎದುರು ಗಾಡಿಗೆ ದಾರಿ ಕೊಡಬೇಕಾದರೆ ನಿಲ್ದಾಣವೊಂದರಲ್ಲಿ ಮಾತ್ರ ಸಾಧ್ಯ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ ಇರುವುದು ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿವಾಗಿಲು ಎಂಬ ನಾಲ್ಕು ನಿಲ್ದಾಣಗಳು. ಐವತ್ತು ಮೀಟರು ಹೋದರೆ ಒಂದು ಮೀಟರು ಏರುವ ದಾರಿ, ಒಂದರ ಹಿಂದೊಂದು ಸುರಂಗ. ಭಾರದ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳನ್ನು ಕಟ್ಟುತ್ತಾರೆ. ಈ ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ತೆರೆದು, ಹಳಿಗಳ ನಡುವಿನ ಅಗಲ ಹೆಚ್ಚಿಸುವ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿ, 2006ರಲ್ಲಿ ಮೊದಲು ಗೂಡ್ಸಿಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಯಾರ ಗಾಡಿಗೆ ಮೊದಲು ದಾರಿ ಸಿಕ್ಕಿತೆಂಬುದನ್ನು ನಾವು ಇಲ್ಲಿ ಮರೆಯುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಜರಿದು ಸಂಚಾರ ನಿಂತಿತ್ತು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಹೊರಡುವವರು ಹೊರಡುವ ದಿನ ರೈಲ್ವೆಯ ವಿಚಾರಣಾ ಸಂಖ್ಯೆ 139ಕ್ಕೆ ಫೋನು ಮಾಡಿ ಇಲ್ಲವೇ ಗಾಡಿಗಳ ಓಟ ತೋರಿಸುವ ಎನ್‌ಟಿಇಎಸ್ ಆ್ಯಪಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು; ಬೆಂಗಳೂರಿನಲ್ಲಿ ಬೆಳಗ್ಗೆ ಸಂದರ್ಶನವಿರುವವರು ಒಂದು ದಿನ ಮೊದಲೇ ಹೋಗಬೇಕು. ಕೊಂಕಣ ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಇರುತ್ತದೆ, ವೇಗವೂ ಕಡಿಮೆ.

ಟಿಕೆಟಿನ ಒಂದು ಉಪಾಯ

ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 60 ದಿನಗಳಿಗೆ ಇಳಿದಿದೆ. ನಡುವಿನ ನಿಲ್ದಾಣದಿಂದ ಹತ್ತುವವರಿಗೆ ಪಾಲು ಕಡಿಮೆ; ಗಾಡಿ ಹೊರಡುವ ನಿಲ್ದಾಣದ ಸಾಮಾನ್ಯ ಕಾಯುವ ಪಟ್ಟಿ ಮುಂದೆ ಸರಿದಷ್ಟು ಬೇಗ ನಡುವಿನ ನಿಲ್ದಾಣಗಳ ಪಟ್ಟಿ ಸರಿಯುವುದಿಲ್ಲ. ಹಾಗಾಗಿ ಮಂಗಳೂರಿನಿಂದ ತೆಂಕಣಕ್ಕೆ ಹೋಗುವ ಗಾಡಿಯಲ್ಲಿ ಕಾಸರಗೋಡಿನಿಂದ ಸೀಟು ಇಲ್ಲವೆಂದು ತೋರಿದರೆ, ಮಂಗಳೂರು ಸೆಂಟ್ರಲ್‌ನಿಂದಲೇ ಟಿಕೆಟು ತೆಗೆದು, ಹತ್ತುವ ನಿಲ್ದಾಣವೆಂದು ಕಾಸರಗೋಡನ್ನು ಸೂಚಿಸಿ. ಇದು ಕಾನೂನುಬದ್ಧ; ಸ್ವಲ್ಪ ಹೆಚ್ಚು ಹಣ ಹೋಗುತ್ತದೆ. ಹಾಗೆ ಸೂಚಿಸಿದ ಮೇಲೆ ಮಂಗಳೂರಿನಲ್ಲಿ ಹತ್ತುವ ಹಕ್ಕು ಇರುವುದಿಲ್ಲ.

ಸಾಮಾನು ಕಳುಹಿಸುವವರಿಗೆ

ಸಾಮಾನು ಮೂರು ಬಗೆ. ನಿಮ್ಮ ಟಿಕೆಟಿನೊಂದಿಗೆ ಬರುವುದು ಲಗೇಜು: ಸ್ಲೀಪರ್‌ನಲ್ಲಿ 40 ಕಿಲೋ, ಎರಡನೆಯ ದರ್ಜೆಯಲ್ಲಿ 35 ಕಿಲೋ ಉಚಿತ. ನೀವು ಹೋಗದೆ ಸಾಮಾನು ಮಾತ್ರ ಪ್ರಯಾಣಿಕರ ಗಾಡಿಯಲ್ಲಿ ಹೋದರೆ ಅದು ಪಾರ್ಸೆಲ್. ವ್ಯಾಗನ್‌ಗಟ್ಟಲೆ ಹೋಗುವುದು ಗೂಡ್ಸ್. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ತಿ ರೇಕ್ (ಒಟ್ಟಿಗೆ ಓಡುವ ಇಡೀ ಸಾಲು) ಎಂದರೆ ಸುಮಾರು 42 ವ್ಯಾಗನ್, 2,600 ಟನ್ನಿನಷ್ಟು. ಅಡಕೆ ಬೆಳೆಗಾರನೊಬ್ಬನ ಕೆಲಸ ಅದಲ್ಲ, ಸಹಕಾರ ಸಂಘಗಳು ಒಟ್ಟಾಗಿ ಮಾಡಬಹುದಾದದ್ದು. ಮಹಾರಾಷ್ಟ್ರಕ್ಕೆ ಲಾರಿ ಕಳುಹಿಸುವ ವ್ಯಾಪಾರಿಗಳು ಕೊಂಕಣ ರೈಲ್ವೆಯ ರೋರೋ ಸೇವೆಯನ್ನು ವಿಚಾರಿಸಬೇಕು: ಸುರತ್ಕಲ್‌ನಲ್ಲಿ ಸಾಮಾನು ತುಂಬಿದ ಲಾರಿಯನ್ನೇ ರೈಲಿಗೇರಿಸಿದರೆ ಕೋಲಾಡಿನಲ್ಲಿ ಇಳಿಸುತ್ತಾರೆ, ಚಾಲಕನೂ ಜೊತೆಗೇ ಹೋಗುತ್ತಾನೆ.

ನಮ್ಮ ಮನೆಗಳಿಂದ ಹೆಚ್ಚಾಗಿ ಹೋಗುವುದು ಮಗನ ಬೈಕು. ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ, ಕನ್ನಡಿ ಬಿಚ್ಚಿ, ಹ್ಯಾಂಡಲ್, ಟ್ಯಾಂಕು, ಹೆಡ್‌ಲೈಟುಗಳಿಗೆ ಗೋಣಿ ಸುತ್ತಿ ಹೊಲಿಸಬೇಕು. ಆರ್‌ಸಿ ಪುಸ್ತಕದ ಪ್ರತಿ, ಗುರುತುಪತ್ರದ ಪ್ರತಿ ಬೇಕು. ಹೊರಡುವ ಮತ್ತು ತಲುಪುವ ನಿಲ್ದಾಣಗಳ ಹೆಸರು, ಪಡೆಯುವವರ ಫೋನು ಸಂಖ್ಯೆ ಬರೆದ ರಟ್ಟನ್ನು ಎರಡು ಕಡೆ ಕಟ್ಟಿ. ಕಾಸರಗೋಡಿನಂಥಲ್ಲಿ ಗಾಡಿ ನಿಲ್ಲುವ ಒಂದೆರಡು ನಿಮಿಷದಲ್ಲಿ ಬೈಕು ಏರಿಸುವುದು ಕಷ್ಟವಾದ್ದರಿಂದ ಮಂಗಳೂರು ಸೆಂಟ್ರಲ್‌ಗೆ ಒಯ್ದು ಕೊಡುವುದೇ ಲೇಸೆಂದು ನನ್ನ ಅಭಿಪ್ರಾಯ. ಇಲ್ಲಿಯೂ ಹಳಿಯನ್ನೇ ನೋಡಿ: ಮನುಷ್ಯನು ಹಾಸನದಲ್ಲಿ ಇಳಿದು ಬೇರೆ ಗಾಡಿ ಹತ್ತಬಲ್ಲ, ಬೈಕು ತಾನಾಗಿ ಹತ್ತಲಾರದು. ನೇರ ಗಾಡಿ ಇರುವ ನಿಲ್ದಾಣಕ್ಕೇ ಬುಕ್ ಮಾಡಿ, ಉಳಿದ ದೂರವನ್ನು ಅಲ್ಲಿಂದ ಓಡಿಸಿಕೊಂಡು ಹೋಗುವಂತೆ ಮಗನಿಗೆ ತಿಳಿಸಿ. ಅಸಲು ರಸೀದಿಯನ್ನು ಅವನಿಗೆ ತಲುಪಿಸಬೇಕು. ಬೈಕು ಬಂದ ಮೇಲೆ ಕೊಟ್ಟಿರುವ ಉಚಿತ ಅವಧಿ ದಾಟಿದರೆ ಗಂಟೆಯ ಲೆಕ್ಕದಲ್ಲಿ ವಾರ್ಫೇಜ್, ಅಂದರೆ ಸಾಮಾನು ಬಿಡಿಸಿಕೊಳ್ಳದೆ ಇಟ್ಟದ್ದಕ್ಕೆ ಬಾಡಿಗೆ, ಕಟ್ಟಬೇಕಾಗುತ್ತದೆ. ಟ್ಯಾಂಕಿನಲ್ಲಿ ಒಂದು ಹನಿಯೂ ಇರುವುದಿಲ್ಲವಾದ್ದರಿಂದ, ಹತ್ತಿರದ ಬಂಕಿನವರೆಗೆ ತಳ್ಳಲು ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಲಿ.