ಪ್ರಾಸ್ಟೇಟ್ ಬಯಾಪ್ಸಿ: ಫ್ಯೂಷನ್ ಮಷಿನ್ ಇಲ್ಲದೆ ಗುರಿ ಹಿಡಿಯುವುದು

ಶಿವಮೊಗ್ಗದಲ್ಲಿ ನಾನು ಮೂತ್ರರೋಗ ತಜ್ಞ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಮೇಲೆ ಕೂರಿಸಿ ತೋರಿಸುವ ಫ್ಯೂಷನ್ ಮಷಿನ್ ನನ್ನ ಹತ್ತಿರ ಇಲ್ಲ. ಆ ಜೋಡಣೆಯನ್ನು ಕಣ್ಣಂದಾಜಿನಲ್ಲೇ ಮಾಡುತ್ತೇನೆ.

ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್) ಜಾಸ್ತಿ ಬಂದವರಿಗೆ ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷೆ. ತಿರುಗಾಮುರುಗಾ ಮಾಡಿದರೆ ಸೂಜಿಯಿಂದ ಒಳಗೆ ನಿಂತ ರಕ್ತವೇ ಚಿತ್ರದಲ್ಲಿ ದಾರಿ ತಪ್ಪಿಸುತ್ತದೆ.

ಹಿಂದಿನ ದಿನವೇ ಎಂಆರ್‌ಐ ನೋಡಿ ಕಾಗದದ ಮೇಲೆ ಗೆರೆಚಿತ್ರ ಹಾಕಿಕೊಳ್ಳುತ್ತೇನೆ. ಇಂತಿಷ್ಟನೇ ಸ್ಲೈಸ್ ಅಂತ ಬರೆದಿಟ್ಟರೆ ಪ್ರಯೋಜನವಿಲ್ಲ. ಗುದದ್ವಾರದಿಂದ ಹೋಗುವ ಅಲ್ಟ್ರಾಸೌಂಡ್ ಪ್ರೋಬ್ ಓರೆಯಾಗಿ ನೋಡುತ್ತದೆ, ಗ್ರಂಥಿಯನ್ನು ಒತ್ತುತ್ತದೆ ಕೂಡ. ಹಾಗಾಗಿ ಕದಲದ ಗುರುತು ಬೇಕು: ಒಂದು ಸಣ್ಣ ನೀರುಗುಳ್ಳೆ, ಸುಣ್ಣ ಕಟ್ಟಿದ ಚುಕ್ಕೆ, ಮೂತ್ರನಾಳ. ಅನುಮಾನದ ಜಾಗ ಅದರಿಂದ ಯಾವ ಕಡೆ, ಎಷ್ಟು ದೂರ ಅಂತ ಬರೆದುಕೊಳ್ಳುತ್ತೇನೆ. ಪ್ರೋಬ್ ಹಾಕಿದ ಮೇಲೆ ಮೊದಲು ಆ ಗುರುತು ಹುಡುಕುತ್ತೇನೆ, ಗಡ್ಡೆಯನ್ನಲ್ಲ. ಕಪ್ಪಗೆ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ, ಹಳೆಯ ಉರಿಯೂತವೂ ಹಾಗೇ ಕಾಣುತ್ತದೆ. ಸುತ್ತಲಿನ ಮಾಂಸದ ಬಣ್ಣದಲ್ಲೇ ಅಡಗಿರುವ ಕ್ಯಾನ್ಸರೂ ಉಂಟು.

ಪ್ರೋಬ್ ಇರುವಾಗಲೇ ಗಾತ್ರ ಅಳೆಯುತ್ತೇನೆ: ಉದ್ದ, ಅಗಲ, ಎತ್ತರ ಗುಣಿಸಿ ಮತ್ತೆ 0.52ರಿಂದ ಗುಣಿಸಬೇಕು. ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿದರೆ ಸಿಗುವುದು ಪಿಎಸ್‌ಎ ಸಾಂದ್ರತೆ. 80 ಮಿಲಿ ಗ್ರಂಥಿಗೆ ಪಿಎಸ್‌ಎ 8 ಇದ್ದರೆ ಸಾಂದ್ರತೆ 0.1. 30 ಮಿಲಿ ಗ್ರಂಥಿಗೆ ಅದೇ 8 ಅಂದರೆ 0.27. 0.15 ದಾಟಿದರೆ ನನ್ನ ಅನುಮಾನ ಬಲವಾಗುತ್ತದೆ. ಸುಮ್ನೆ ಪಿಎಸ್‌ಎ ಅಂಕಿ ನೋಡಿ ಹೆದರುವವರಿಗೆ ಈ ಲೆಕ್ಕ ಬರೆದೇ ತೋರಿಸುತ್ತೇನೆ.

ಗುರಿಯಿಂದ ಕೆಲವು ತುಣುಕು, ಉಳಿದ ಕಡೆಯಿಂದ ಎಂದಿನ 12. ಸಾಧ್ಯವಾದಾಗಲೆಲ್ಲ ವೃಷಣದ ಹಿಂದಿನ ಚರ್ಮದ ಮೂಲಕವೇ ಸೂಜಿ ಹಾಕುತ್ತೇನೆ. ಸೂಜಿ ಮಲದ ದಾರಿ ಮುಟ್ಟುವುದಿಲ್ಲ, ಸೋಂಕಿನ ಭಯ ಕಡಿಮೆ.

"ಚುಚ್ಚಿದ್ರೆ ಹರಡಲ್ವಾ ಡಾಕ್ಟ್ರೇ?" ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದವರು ಕೇಳುವುದು ಇದನ್ನೇ. ಆ ಭಯಕ್ಕೆ ಬಯಾಪ್ಸಿ ಬಿಡಬೇಡಿ ಅನ್ನುತ್ತೇನೆ. ಅಡಿಕೆ ಕೊಯ್ಲು ಮುಗೀಲಿ ಅನ್ನುವವರೂ ಇದ್ದಾರೆ. ಅವರ ಹತ್ತಿರ ಸ್ವಲ್ಪ ಚೌಕಾಸಿ ನಡೆಯುತ್ತದೆ.

ಚಿಕಿತ್ಸೆಯಲ್ಲೂ ಇದೇ ಪ್ರೋಬ್ ಬೇಕು. ವಿಕಿರಣದ ಸಣ್ಣ ಬೀಜಗಳನ್ನು ಗ್ರಂಥಿಯೊಳಗೆ ಕೂರಿಸುವುದು ಇದರ ಚಿತ್ರ ನೋಡಿಕೊಂಡೇ. ಅಂಥದ್ದಕ್ಕೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

ಈಗ 29 ಮೆಗಾಹರ್ಟ್ಸ್‌ನ ಮೈಕ್ರೋ ಅಲ್ಟ್ರಾಸೌಂಡ್ ಬಂದಿದೆ. ನಮ್ಮ ಪ್ರೋಬ್‌ಗಿಂತ ಎಷ್ಟೋ ಸೂಕ್ಷ್ಮ. ಸಿಕ್ಕರೆ ಖುಷಿಯಿಂದ ಬಳಸುತ್ತೇನೆ. ಆದರೆ ಅಷ್ಟು ಹೆಚ್ಚಿನ ಆವರ್ತನದ ಅಲೆ ಆಳಕ್ಕೆ ಇಳಿಯುವುದು ಕಡಿಮೆ. ದೊಡ್ಡ ಗ್ರಂಥಿಯ ಮುಂಭಾಗಕ್ಕೆ ಆಗಲೂ ನಾನು ಎಂಆರ್‌ಐ ಕೇಳುತ್ತೇನೆ.